ಮೂವತ್ತು ದಾಟಿದ ಮೇಲೆ ವಿಜ್ಞಾನದಲ್ಲಿ ದೊಡ್ಡ ಕೆಲಸ ಆಗುತ್ತಾ?

ನಿಮಗೆ 34 ವರ್ಷ, ಪಿಎಚ್‌ಡಿ ಈಗ ಮುಗಿಯುತ್ತಿದೆ. ಐನ್‌ಸ್ಟೈನ್ 26ಕ್ಕೇ ಎಲ್ಲ ಕಂಡುಹಿಡಿದಿದ್ದರು, ನನಗೆ ತಡವಾಯ್ತಾ ಅಂತ ಕೇಳಿದ್ದೀರಿ. ಇಲ್ಲ. ಸುಮ್ನೆ ಸಮಾಧಾನ ಮಾಡೋಕೆ ಹೇಳುತ್ತಿಲ್ಲ, ಕಾರಣ ಇದೆ.

ಐನ್‌ಸ್ಟೈನ್ ಲೆಕ್ಕ ಸರಿ. 1925ರಲ್ಲಿ ಕ್ವಾಂಟಮ್ ಮೆಕ್ಯಾನಿಕ್ಸ್‌ಗೆ ತಳಪಾಯ ಹಾಕಿದಾಗ ಹೈಸೆನ್‌ಬರ್ಗ್‌ಗೆ ಬರೀ 23. ಆದರೆ ಆಗ ಕ್ವಾಂಟಮ್ ಫಿಸಿಕ್ಸ್, ಅಂದರೆ ಪರಮಾಣುಗಳಂಥ ಅತಿ ಸಣ್ಣ ವಸ್ತುಗಳ ಫಿಸಿಕ್ಸ್, ಹೊಸದು, ಓದಿ ಅರಗಿಸಿಕೊಳ್ಳಬೇಕಾದದ್ದು ಕಮ್ಮಿ ಇತ್ತು. ಅದೇ ಕ್ವಾಂಟಮ್ ಕಥೆಯಲ್ಲಿ 1900ರಲ್ಲಿ ಅದನ್ನು ಶುರುಮಾಡಿದ ಪ್ಲಾಂಕ್‌ಗೆ ಆಗ 42, 1926ರಲ್ಲಿ ತಮ್ಮ ಹೆಸರಿನ ಸಮೀಕರಣ ಕೊಟ್ಟ ಶ್ರೋಡಿಂಗರ್‌ಗೆ 38. ಇವರ ವಯಸ್ಸನ್ನು ಮಾತ್ರ ಯಾರೂ ಎತ್ತಲ್ಲ! 1928ರಲ್ಲಿ ರಾಮನ್ ಪರಿಣಾಮ ಕಂಡುಹಿಡಿದಾಗ ನಮ್ಮ ಸಿ.ವಿ. ರಾಮನ್‌ಗೂ 39. ಅದಕ್ಕೂ ಮುಂಚೆ ಹತ್ತು ವರ್ಷ ಹಣಕಾಸು ಇಲಾಖೆಯಲ್ಲಿ ನೌಕರಿ ಮಾಡಿದವರು ಅವರು.

ಈಗಂತೂ ಕಲಿಯೋದೇ ಜಾಸ್ತಿ. ನೊಬೆಲ್ ಪಡೆದವರು ಆ ಕೆಲಸ ಮಾಡಿದಾಗ ಎಷ್ಟು ವಯಸ್ಸಾಗಿತ್ತು ಅಂತ ಜೋನ್ಸ್ ಮತ್ತು ವೈನ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2011ರಲ್ಲಿ ಪ್ರಕಟಿಸಿದರು. 2000ದ ಹೊತ್ತಿಗೆ 30ರೊಳಗೆ ಅಂಥ ಕೆಲಸ ಮಾಡಿದವರು ಇಲ್ಲವೆನ್ನುವಷ್ಟು ಕಮ್ಮಿ. ಫಿಸಿಕ್ಸ್‌ನಲ್ಲಿ 40ರೊಳಗೆ ಮಾಡಿದವರೂ ಶೇ. 19 ಮಾತ್ರ.

2016ರಲ್ಲಿ ನೆಟ್‌ವರ್ಕ್ ವಿಜ್ಞಾನಿ ಬರಾಬಾಸಿ ಅವರ ತಂಡ ಇನ್ನೊಂದು ವಿಷಯ ತೋರಿಸಿತು. ಒಬ್ಬ ವಿಜ್ಞಾನಿಯ ಅತಿ ಹೆಚ್ಚು ಪ್ರಭಾವ ಬೀರಿದ ಪೇಪರ್ (ಸಂಶೋಧನಾ ಲೇಖನ) ಅವರ ಮೊದಲನೆಯದೂ ಆಗಿರಬಹುದು, ಕೊನೆಯದೂ ಆಗಿರಬಹುದು. ಲಾಟರಿ ಟಿಕೆಟ್ ಇದ್ದಂತೆ, ಪ್ರತಿ ಪೇಪರಿಗೂ ಅಷ್ಟೇ ಅವಕಾಶ. ಶುರುವಿನ ವರ್ಷಗಳಲ್ಲಿ ಜಾಸ್ತಿ ಬರೆಯುತ್ತಾರೆ, ಹಾಗಾಗಿ ದೊಡ್ಡದು ಆಗಲೇ ಬರುವುದೂ ಜಾಸ್ತಿ. ಆಮೇಲೆ ಗ್ರಾಂಟ್, ಕಮಿಟಿ, ಮೀಟಿಂಗ್ ಅಂತ ಲ್ಯಾಬಿನಲ್ಲಿ ಕೂರೋಕೇ ಹೊತ್ತು ಸಿಗಲ್ಲ. ತಲೆ ಮಂದವಾಗುವುದಕ್ಕಿಂತ ಇದೇ ದೊಡ್ಡ ತೊಂದರೆ ಅಂತ ನನ್ನ ಅನಿಸಿಕೆ.

ನಾನು ಬ್ಯಾಟರಿ ವಸ್ತುಗಳ ಮೇಲೆ ಕೆಲಸ ಮಾಡುವವನು, ಹಾಗಾಗಿ ಅಮೆರಿಕದ ವಿಜ್ಞಾನಿ ಜಾನ್ ಗುಡ್‌ಇನಫ್ ಬಗ್ಗೆ ಹೇಳದೆ ಇರಲಾರೆ. ಎರಡನೇ ಮಹಾಯುದ್ಧ ಮುಗಿಸಿ ಶಿಕಾಗೋಗೆ ಫಿಸಿಕ್ಸ್ ಓದಲು ಹೋದಾಗ ಅಲ್ಲಿನ ಪ್ರೊಫೆಸರ್ ಒಬ್ಬರು, ಈ ವಿಷಯದಲ್ಲಿ ದೊಡ್ಡದು ಮಾಡಿದವರೆಲ್ಲ ನಿನ್ನ ವಯಸ್ಸಿಗೇ ಮಾಡಿಯಾಗಿತ್ತು ಅಂದರಂತೆ. ಗುಡ್‌ಇನಫ್‌ಗೆ ಆಗಿನ್ನೂ 25 ತುಂಬಿರಲಿಲ್ಲ! 1976ರಲ್ಲಿ, 54ರ ಆಸುಪಾಸಿನಲ್ಲಿ, ಈ ಫಿಸಿಕ್ಸ್ ಮನುಷ್ಯ ಆಕ್ಸ್‌ಫರ್ಡ್‌ನಲ್ಲಿ ಇನ್‌ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬಿನ ಮುಖ್ಯಸ್ಥರಾದರು. 1980ರಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಕ್ಯಾಥೋಡ್ (ಬ್ಯಾಟರಿಯ ಪ್ಲಸ್ ತುದಿಯ ವಸ್ತು) ಬಂತು. ಮೊಬೈಲ್‌ನ ಲಿಥಿಯಂ ಬ್ಯಾಟರಿಗಳು ಶುರುವಾದದ್ದು ಅಲ್ಲಿಂದ. ಆಕ್ಸ್‌ಫರ್ಡ್‌ನಲ್ಲಿ ಕಡ್ಡಾಯ ನಿವೃತ್ತಿ ಹತ್ತಿರ ಬಂದಾಗ, 1986ರಲ್ಲಿ ಟೆಕ್ಸಸ್‌ಗೆ ಹೊರಟರು. ಈಗ ಎಲೆಕ್ಟ್ರಿಕ್ ಗಾಡಿಗಳಲ್ಲಿ ಬಳಸುವ ಐರನ್ ಫಾಸ್ಫೇಟ್ ಕ್ಯಾಥೋಡ್ ಪೇಪರ್ 1997ರದು. ಅಂದರೆ 74 ದಾಟಿದ ಮೇಲೆ. ನೊಬೆಲ್ ಬಂದಾಗ 97. ಆಕ್ಸ್‌ಫರ್ಡ್‌ನಲ್ಲೇ ಇದ್ದು ನಿವೃತ್ತರಾಗಿದ್ದರೆ? ಯೋಚಿಸಿ.

ಎಲ್ಲರೂ ಗುಡ್‌ಇನಫ್ ಆಗಲ್ಲ, ಅದು ಬೇರೆ ಮಾತು. ಆದರೆ ನಿಮಗಿರುವ ನಿಜವಾದ ಗಡುವು ಬೇರೆ. ನಮ್ಮಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಜಾಹೀರಾತುಗಳಲ್ಲಿ 35ರೊಳಗಿನವರಿಗೆ ಆದ್ಯತೆ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಯುವ ವಿಜ್ಞಾನಿಗಳಿಗೆ ಕೇಂದ್ರ ಸರ್ಕಾರ ಕೊಡುವ ಭಟ್ನಾಗರ್ ಪ್ರಶಸ್ತಿಗೂ 45ರ ಮಿತಿ. ಸಂಶೋಧನೆಗೆ ಇಲ್ಲದ ವಯಸ್ಸು ಅರ್ಜಿಗೆ ಇದೆ. ಹಾಗಾಗಿ ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ಆದಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸಕ್ಕೆ) ಹೋಗುವ ಮುಂಚೆಯೇ ಆ ಷರತ್ತುಗಳನ್ನು ಓದಿಕೊಳ್ಳಿ. ಪಿಎಚ್‌ಡಿಯ ವಿಷಯವನ್ನೇ ಮುಂದುವರಿಸದೆ, ಪಕ್ಕದ ವಿಷಯಕ್ಕೆ ದಾಟಿಕೊಳ್ಳುವ ಲ್ಯಾಬ್ ಸಿಕ್ಕರೆ ಬಿಡಬೇಡಿ. ನಾನಾಗಿದ್ದರೆ ಹೆಸರಿಗಿಂತ, ನನ್ನ ಕೈಯಲ್ಲೇ ಪ್ರಯೋಗ ಮಾಡಲು ಬಿಡುವ ಗೈಡ್‌ನನ್ನು ಹುಡುಕುತ್ತಿದ್ದೆ.