ಬಾಡಿಗೆ ಜಾಸ್ತಿ ಮಾಡ್ಬೇಕು, ವಾಯ್ಸ್ ಮೆಸೇಜ್ ಹಾಕಿದ್ರೆ ಸಾಕಾ?

ಪ್ರಶ್ನೆ: ಸರ್, ಮೈಸೂರು ಕುವೆಂಪುನಗರದಲ್ಲಿ ನಮ್ಮ ಮನೆ ಮೇಲ್ಗಡೆ ಪೋರ್ಷನ್ನು 9,500ಕ್ಕೆ ಬಾಡಿಗೆ ಕೊಟ್ಟಿದೀವಿ. 11 ತಿಂಗಳ ಅಗ್ರಿಮೆಂಟ್ ಮುಗಿದು ವರ್ಷವೇ ಆಯ್ತು, ರಿನ್ಯೂ ಮಾಡ್ಸಿಲ್ಲ. ಹೋದ ತಿಂಗಳು 28ಕ್ಕೆ ವಾಟ್ಸಾಪಲ್ಲಿ ‘ಒಂದನೇ ತಾರೀಖಿಂದ 11,000 ಕೊಡಿ’ ಅಂತ ವಾಯ್ಸ್ ಮೆಸೇಜ್ ಹಾಕ್ದೆ. ಅವ್ರು ಏನೂ ಹೇಳ್ದೆ ಹಳೇ 9,500ನೇ ಫೋನ್‌ಪೇ ಮಾಡಿದಾರೆ. ನಮ್ಮೆಜಮಾನ್ರು ಮೋಟ್ರು ಆಫ್ ಮಾಡ್ಬಿಡ್ತೀನಿ ಅಂತಾರೆ. ಏನ್ಮಾಡ್ಲಿ?

ಉತ್ತರ: ಮೊದ್ಲು ಯಜಮಾನ್ರನ್ನ ಮೋಟ್ರು ಸ್ವಿಚ್ಚಿಂದ ದೂರ ಇಡೀಮ್ಮ. ನೀರು, ಕರೆಂಟು ಕಟ್ ಮಾಡಿದ್ರೆ ಇಲ್ಲೀವರ್ಗೂ ನಿಮ್ಮ ಕಡೆ ಇದ್ದ ನ್ಯಾಯ ಒಂದೇ ದಿನದಲ್ಲಿ ಅವ್ರ ಕಡೆ ಹೋಗ್ಬಿಡುತ್ತೆ.

3,500ಕ್ಕಿಂತ ಜಾಸ್ತಿ ಬಾಡಿಗೆ ಇರೋ ಮನೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯ ಆಗಲ್ಲ, ಹಾಗಾಗಿ ನಿಮ್ಗೆ ಲೆಕ್ಕಕ್ಕೆ ಬರೋದು ಅಗ್ರಿಮೆಂಟು ಮತ್ತೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅಗ್ರಿಮೆಂಟ್ ಮುಗಿದ್ಮೇಲೂ ನೀವು ಬಾಡಿಗೆ ಇಸ್ಕೊಂಡೇ ಬಂದಿದೀರಲ್ಲ, ಅಲ್ಲಿಗೆ ಅದು ತಿಂಗಳ ಬಾಡಿಗೆ ಲೆಕ್ಕಕ್ಕೆ ಬಂತು, ಹಳೇ ಷರತ್ತುಗಳೇ ನಡೀತಿರ್ತವೆ. ಬೀರುನಲ್ಲಿರೋ ಆ ಸ್ಟಾಂಪ್ ಪೇಪರ್ ತೆಗೆದು ನೋಡಿ, ನಮ್ಮೂರ ಟೈಪಿಂಗ್ ಅಂಗಡಿಯವ್ರು ಕೇಳದಿದ್ರೂ ‘ಪ್ರತಿ 11 ತಿಂಗಳಿಗೆ 5 ಪರ್ಸೆಂಟ್’ ಅಂತ ಒಂದು ಲೈನ್ ಹಾಕಿರ್ತಾರೆ. ಹಾಗಿದ್ರೆ ನೀವು ಕೇಳಬಹುದಾದದ್ದು 475 ರೂಪಾಯಿ, 1,500 ಅಲ್ಲ. ಲೈನೇ ಇಲ್ದಿದ್ರೆ ಏರಿಕೆಗೆ ಅವ್ರೂ ಒಪ್ಲೇಬೇಕು, ನೀವೊಬ್ರೇ ಹೇಳಿದ್ರೆ ಆಗಲ್ಲ. ಅವ್ರು ಸುಮ್ನಿದ್ರು ಅಂದ್ರೆ ಒಪ್ಕೊಂಡ್ರು ಅಂತಲ್ಲ, ಅದ್ರಲ್ಲೂ ಹಳೇ ದುಡ್ಡೇ ಹಾಕಿದಾರೆ ಅಂದ್ರೆ ಉತ್ತರ ಕೊಟ್ಟಂಗೇ ಆಯ್ತಲ್ವಾ.

ಈಗ ಒಂದು ಬಿಳಿ ಹಾಳೇಲಿ ನಾಲ್ಕೇ ಸಾಲು ಬರೀರಿ: ಇವತ್ತಿನ ತಾರೀಖು, ಮನೆ ನಂಬರು, ಈಗಿನ ಬಾಡಿಗೆ 9,500, ಇಂಥ ತಿಂಗಳ ಒಂದನೇ ತಾರೀಖಿಂದ ಇಷ್ಟು, ಒಪ್ಪಿಗೆ ಇದ್ರೆ ಕೆಳಗೆ ಸೈನ್ ಮಾಡಿ ಕೊಡಿ ಅಂತ. ಎರಡು ಕಾಪಿ ಮಾಡಿ ಕೈಗೇ ಕೊಟ್ಟು ಒಂದ್ರಲ್ಲಿ ಸೈನ್ ಹಾಕಿಸ್ಕೊಳ್ಳಿ, ಇಸ್ಕೊಳ್ದಿದ್ರೆ ಪೋಸ್ಟಲ್ಲಿ ಅಕ್ನಾಲೆಡ್ಜ್‌ಮೆಂಟ್ ಹಾಕಿ ಕಳ್ಸಿ. ಎಷ್ಟು ದಿನ ಮುಂಚೆ ಅಂದ್ರೆ, ಏರಿಕೆಗೇ ಅಂತ ಆಸ್ತಿ ವರ್ಗಾವಣೆ ಕಾಯ್ದೇಲಿ ದಿನ ಗೊತ್ತು ಮಾಡಿಲ್ಲ. 2021ರ ಮಾದರಿ ಬಾಡಿಗೆ ಕಾಯ್ದೇಲಿ ಮೂರು ತಿಂಗಳು ಅಂತಿದೆ, ಆದ್ರೆ ಹೆಸರೇ ಹೇಳೋ ಹಾಗೆ ಅದು ಮಾದರಿ, ರಾಜ್ಯ ತನ್ನ ಕಾನೂನು ಮಾಡ್ಕೊಂಡ್ರೆ ಮಾತ್ರ ಜಾರಿ. ನನ್ನ ಕೇಳಿದ್ರೆ ಎರಡು ತಿಂಗಳಾದ್ರೂ ಕೊಡಿ, ಮೂರು ದಿನ ಮುಂಚೆ ಹೇಳಿದ್ರೆ ಸಂಬಳದವ್ರು ಎಲ್ಲಿಂದ ತರ್ತಾರೆ? 11,000 ಅಂದ್ರೆ ಹೆಚ್ಚುಕಡಿಮೆ 16 ಪರ್ಸೆಂಟ್ ಆಗುತ್ತೆ, ಪರ್ಸೆಂಟ್ ಲೈನ್ ಇಲ್ದಿದ್ರೆ 10 ಪರ್ಸೆಂಟ್ ಸೇರಿಸಿ 10,450ಕ್ಕೆ ಕೇಳಿದ್ರೆ ಮಾತುಕತೇಲೇ ಮುಗಿಬಹುದು.

ಒಪ್ಲೇ ಇಲ್ವಾ, ಆಗ ಮನೆ ಖಾಲಿ ಮಾಡಿ ಅಂತ ಬೇರೆ ನೋಟಿಸ್ ಕೊಡ್ಬೇಕು. ತಿಂಗಳ ಬಾಡಿಗೆಗೆ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 106ರಲ್ಲಿ 15 ದಿನ, ಅಗ್ರಿಮೆಂಟಲ್ಲಿ ಎರಡು ತಿಂಗಳು ಅಂತಿದ್ರೆ ಎರಡು ತಿಂಗಳು. ಆಮೇಲೂ ಹೋಗ್ದಿದ್ರೆ ಕೋರ್ಟೇ ಗತಿ, ನೀವೇ ಬೀಗ ಹಾಕೋ ಹಾಗಿಲ್ಲ. ಒಪ್ಕೊಂಡ್ರೆ ಅದೇ ವಾರ ಹೊಸ 11 ತಿಂಗಳ ಅಗ್ರಿಮೆಂಟ್ ಮಾಡ್ಸಿ, ಈ ಸಲ ಪರ್ಸೆಂಟ್ ಲೈನು ನೀವೇ ಓದಿ ಸೈನ್ ಹಾಕಿ.