ಅಮೆರಿಕದಲ್ಲಿ ಟ್ರಾವೆಲ್ ನರ್ಸ್ ಆಗುವ ಮುನ್ನ ಲೆಕ್ಕ ಹಾಕಬೇಕಾದದ್ದು ಏನು?

ಟೆಕ್ಸಾಸ್‌ನ ಆಸ್ಪತ್ರೆಯೊಂದರಲ್ಲಿ ಕರಾರಿನ ಅವಧಿ ಮುಗಿಯುತ್ತಿದೆ, ಗ್ರೀನ್ ಕಾರ್ಡ್ ಇದೆ, ಜಾಹೀರಾತುಗಳಲ್ಲಿ ಕಾಣುವ ಟ್ರಾವೆಲ್ ನರ್ಸ್‌ಗಳ, ಅಂದರೆ ಏಜೆನ್ಸಿಯ ಮೂಲಕ ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ ಕೆಲವು ವಾರಗಳ ಒಪ್ಪಂದದ ಮೇಲೆ ದುಡಿಯುವ ನರ್ಸ್‌ಗಳ, ವಾರದ ಸಂಬಳ ನಿಜವೇ, ಶಾಲೆಗೆ ಹೋಗುವ ಮಗುವಿರುವಾಗ ಈ ಕೆಲಸ ಸಾಧ್ಯವೇ ಎಂದು ತಾವು ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ ಬಂದವಳು. ಟೆಕ್ಸಾಸ್‌ನಲ್ಲಿ ಮನೆ ಇಟ್ಟುಕೊಂಡು ಕೆಲವು ವರ್ಷಗಳಿಂದ ಐಸಿಯುಗಳಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಜಾಹೀರಾತಿನ ಮೊತ್ತ ಸುಳ್ಳಲ್ಲ. ಆದರೆ ಅದರ ದೊಡ್ಡ ಪಾಲು ಎರಡು ಕಡೆ ಮನೆ ನಡೆಸುವವರಿಗೆಂದು ಕೊಡುವ ಭತ್ಯೆ ಎಂಬುದು ಮನಸ್ಸಿನಲ್ಲಿದ್ದರೆ ಉಳಿದ ಲೆಕ್ಕವೆಲ್ಲ ಸುಲಭವಾಗುತ್ತದೆ.

ಸಾಮಾನ್ಯವಾಗಿ ಒಪ್ಪಂದ 13 ವಾರಗಳದ್ದು, ವಾರಕ್ಕೆ 12 ಗಂಟೆಗಳ ಮೂರು ಶಿಫ್ಟ್, ಅಂದರೆ 36 ಗಂಟೆ. ಉದಾಹರಣೆಗೆ ವಾರಕ್ಕೆ 2,300 ಡಾಲರ್ ಎಂದು ಹೇಳಿದರೆ, ಅದರಲ್ಲಿ ಗಂಟೆಗೆ 25 ಡಾಲರ್‌ನಂತೆ 900 ಡಾಲರ್ ಮಾತ್ರ ತೆರಿಗೆ ಬೀಳುವ ಸಂಬಳವಾಗಿದ್ದು, ಮಿಕ್ಕ 1,400 ಡಾಲರ್ ವಸತಿ ಮತ್ತು ಊಟದ ಭತ್ಯೆಯಾಗಿರಬಹುದು. ಆ ಭತ್ಯೆಗೆ ತೆರಿಗೆ ಇಲ್ಲದಿರುವುದು ತಮಗೆ ಬೇರೊಂದು ಊರಿನಲ್ಲಿ ನಿಜವಾದ ಮನೆಯಿದ್ದು, ಅದರ ಬಾಡಿಗೆಯನ್ನೋ ಸಾಲದ ಕಂತನ್ನೋ ಕಟ್ಟುತ್ತಲೇ ಕೆಲಸದ ಊರಿನಲ್ಲೂ ವಸತಿಗೆ ಖರ್ಚು ಮಾಡುತ್ತಿರುವಾಗ ಮಾತ್ರ. ಇದನ್ನೇ ಇಲ್ಲಿಯವರು ಟ್ಯಾಕ್ಸ್ ಹೋಮ್ ಎನ್ನುತ್ತಾರೆ. ಮನೆ ಖಾಲಿ ಮಾಡಿ, ಸಾಮಾನನ್ನೆಲ್ಲ ಕಾರಿಗೆ ತುಂಬಿಕೊಂಡು ಊರೂರು ಸುತ್ತುವವರಿಗೆ ಇಡೀ ಮೊತ್ತ ತೆರಿಗೆಗೆ ಒಳಪಡುತ್ತದೆ. ಒಂದೇ ಊರಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕೆಲಸ ಮಾಡುವ ಯೋಜನೆಯಿದ್ದರೂ ಅದನ್ನು ತಾತ್ಕಾಲಿಕವೆಂದು ಪರಿಗಣಿಸುವುದಿಲ್ಲ. ತೆರಿಗೆ ಬೀಳುವ ಸಂಬಳ ಕಡಿಮೆಯಿದ್ದಷ್ಟೂ ಸೋಷಿಯಲ್ ಸೆಕ್ಯುರಿಟಿಗೆ (ಸರ್ಕಾರದ ನಿವೃತ್ತಿ ಪಿಂಚಣಿಗೆ) ಲೆಕ್ಕವಾಗುವ ಆದಾಯವೂ ಕಡಿಮೆ. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರ ಪ್ರಶ್ನೆಗಳೂ ಹೆಚ್ಚು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲವಾದರೂ ಕ್ಯಾಲಿಫೋರ್ನಿಯಾದಲ್ಲಿ ಗಳಿಸಿದ ಹಣಕ್ಕೆ ಅಲ್ಲಿಯ ತೆರಿಗೆಯನ್ನು ಕಟ್ಟಲೇಬೇಕು. ಟ್ರಾವೆಲ್ ನರ್ಸ್‌ಗಳ ಲೆಕ್ಕ ನೋಡಿ ಬಲ್ಲ ತೆರಿಗೆ ಸಲಹೆಗಾರರೊಬ್ಬರಿಗೆ ಮೊದಲ ವರ್ಷವೇ ಶುಲ್ಕ ಕೊಡುವುದು ದಂಡವಲ್ಲ. ಕೆಲಸ ಹುಡುಕಿಕೊಡುವ ಏಜೆನ್ಸಿಯ ರಿಕ್ರೂಟರ್ ಎಷ್ಟೇ ಒಳ್ಳೆಯವರಾಗಿದ್ದರೂ ಅವರು ತೆರಿಗೆ ಬಲ್ಲವರಲ್ಲ.

ಲೈಸೆನ್ಸಿನ ವಿಷಯದಲ್ಲಿ ತಾವು ಅದೃಷ್ಟವಂತರು. ನರ್ಸ್ ಲೈಸೆನ್ಷರ್ ಕಾಂಪ್ಯಾಕ್ಟ್ ಎಂಬ ಒಡಂಬಡಿಕೆಯಲ್ಲಿ ಟೆಕ್ಸಾಸ್ ಇರುವುದರಿಂದ, ಅಲ್ಲಿಯ ನಿವಾಸಿಯಾಗಿ ಬಹುರಾಜ್ಯ ಲೈಸೆನ್ಸ್ ಪಡೆದವರು ಫ್ಲೋರಿಡಾ, ಅರಿಜೋನಾ ಮುಂತಾದ ಸದಸ್ಯ ರಾಜ್ಯಗಳಲ್ಲಿ ಅದರ ಮೇಲೆಯೇ ಕೆಲಸ ಮಾಡಬಹುದು. ಚಳಿಗಾಲದಲ್ಲಿ ಉತ್ತರದ ವೃದ್ಧರು ಬೆಚ್ಚನೆಯ ಈ ಎರಡು ರಾಜ್ಯಗಳಿಗೆ ಗುಳೆ ಬರುವುದರಿಂದ ಆ ತಿಂಗಳುಗಳಲ್ಲಿ ಅಲ್ಲಿ ಒಪ್ಪಂದಗಳೂ ಹೆಚ್ಚು. ಆದರೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಮುಂತಾದ ಕೆಲವು ರಾಜ್ಯಗಳು ಒಡಂಬಡಿಕೆಗೆ ಸೇರಿಲ್ಲ. ಅಲ್ಲಿಗೆ ಪ್ರತ್ಯೇಕ ಅರ್ಜಿ, ಕಾಯುವಿಕೆ ಎರಡೂ ಬೇಕು; ಕ್ಯಾಲಿಫೋರ್ನಿಯಾಕ್ಕೆ ಬೆರಳಚ್ಚೂ ಬೇಕು.

ಇನ್ನು ಕೆಲಸದ ಮಾತು. ಹೊಸ ಸ್ಟಾಫ್ ನರ್ಸ್‌ಗೆ ವಾರಗಟ್ಟಲೆ ಓರಿಯೆಂಟೇಶನ್ ಕೊಡುವ ಆಸ್ಪತ್ರೆ ಟ್ರಾವೆಲರ್‌ಗೆ ಕೊಡುವುದು ಬಹುತೇಕ ಒಂದೆರಡು ದಿನ. ಅದರಲ್ಲಿ ಅರ್ಧ ದಿನ ಪಾಸ್‌ವರ್ಡ್‌ಗಳನ್ನು ಹೊಂದಿಸುವುದರಲ್ಲೇ ಕಳೆಯುತ್ತದೆ. ಸೆಪ್ಸಿಸ್ ಎಲ್ಲಿ ಹೋದರೂ ಸೆಪ್ಸಿಸ್ಸೇ, ವೆಂಟಿಲೇಟರ್ ಎಲ್ಲಿ ಹೋದರೂ ವೆಂಟಿಲೇಟರ್ರೇ. ಬದಲಾಗುವುದು ಕ್ರ್ಯಾಶ್ ಕಾರ್ಟ್ (ತುರ್ತು ಚಿಕಿತ್ಸೆಯ ಸಾಮಗ್ರಿಗಳ ಗಾಡಿ) ಇರುವ ಜಾಗ, ರಾತ್ರಿ ವೈದ್ಯರನ್ನು ಕರೆಯುವ ಕ್ರಮ, ರಕ್ತ ತರಿಸಿಕೊಳ್ಳುವ ವಿಧಾನ, ಇನ್ಫ್ಯೂಷನ್ ಪಂಪಿನ ಕಂಪನಿ, ದಾಖಲೆಯ ತಂತ್ರಾಂಶ. ಎಪಿಕ್ ಎಂಬ ತಂತ್ರಾಂಶ ಬಲ್ಲವರು ಮೆಡಿಟೆಕ್ ಎಂಬ ಇನ್ನೊಂದು ತಂತ್ರಾಂಶವಿರುವ ಆಸ್ಪತ್ರೆಗೆ ಹೋದರೆ ಮೊದಲ ವಾರ ರೋಗಿಗಿಂತ ಪರದೆಯನ್ನೇ ಹೆಚ್ಚು ನೋಡಬೇಕಾಗುತ್ತದೆ. ಆದ್ದರಿಂದ ನಾನು ಮೊದಲ ಶಿಫ್ಟ್‌ಗೆ ಬೇಗ ಹೋಗಿ, ಏರ್‌ವೇ ಸಾಮಗ್ರಿ, ಡಿಫಿಬ್ರಿಲೇಟರ್ ಮತ್ತು ತುರ್ತು ಔಷಧಿಗಳು ಎಲ್ಲಿವೆ ಎಂದು ಕಣ್ಣಾರೆ ಕಂಡ ಮೇಲೆಯೇ ಹಿಂದಿನ ಪಾಳಿಯವರಿಂದ ರೋಗಿಗಳ ರಿಪೋರ್ಟ್ ತೆಗೆದುಕೊಳ್ಳುತ್ತೇನೆ. ಬೇರೆ ವಾರ್ಡಿನಲ್ಲಿ ಜನ ಕಡಿಮೆಯಾದಾಗ ಮೊದಲು ಕಳುಹಿಸುವುದು ಟ್ರಾವೆಲರ್‌ನನ್ನೇ. ಇದನ್ನು ಅವಮಾನವೆಂದು ಭಾವಿಸುವವರಿಗೆ ಈ ಕೆಲಸ ಒಗ್ಗುವುದಿಲ್ಲ. ಎಷ್ಟು ಅನುಭವವಿದ್ದರೂ ತನಗಿಂತ ಕಿರಿಯರನ್ನು ಸಂಕೋಚವಿಲ್ಲದೆ ಕೇಳಬೇಕು. ನಮ್ಮಲ್ಲಿ ಹಿರಿಯ ಸಿಸ್ಟರ್ ಎಂಬ ಗೌರವಕ್ಕೆ ಒಗ್ಗಿದವರಿಗೆ ಇದು ರಾತ್ರಿ ಪಾಳಿಗಿಂತಲೂ ಕಷ್ಟವಾದೀತು.

ಕ್ಯಾಲಿಫೋರ್ನಿಯಾದ ಬಗ್ಗೆ ಒಂದು ಮಾತು ಸೇರಿಸಬೇಕು. 1999ರಲ್ಲಿ ಮಾಡಿದ ಕಾನೂನಿನಂತೆ 2004ರಿಂದ ಅಲ್ಲಿ ಒಬ್ಬ ನರ್ಸ್‌ಗೆ ಇಷ್ಟೇ ರೋಗಿಗಳು ಎಂಬ ಮಿತಿ ಜಾರಿಯಲ್ಲಿದೆ; ಐಸಿಯುನಲ್ಲಿ ಇಬ್ಬರು, ಸಾಮಾನ್ಯ ಮೆಡಿಕಲ್-ಸರ್ಜಿಕಲ್ ವಾರ್ಡಿನಲ್ಲಿ ಐವರು. ಟೆಕ್ಸಾಸ್‌ನಲ್ಲಿ ಅಂಥ ಸಂಖ್ಯೆಯನ್ನು ಕಾನೂನು ನಿಗದಿಪಡಿಸಿಲ್ಲ. ಬಾಡಿಗೆ ದುಬಾರಿಯಾದರೂ ನಾನು ಮತ್ತೆ ಮತ್ತೆ ಅಲ್ಲಿಗೆ ಹೋಗಲು ಕಾರಣ ಸಂಬಳಕ್ಕಿಂತ ಇದೇ ಹೆಚ್ಚು.

ಒಪ್ಪಂದವನ್ನು ಸಾಲು ಸಾಲಾಗಿ ಓದಿರಿ. ರೋಗಿಗಳು ಕಡಿಮೆಯಾದರೆ ಶಿಫ್ಟ್ ರದ್ದುಪಡಿಸಿ ಆ ದಿನದ ಹಣ ಕಡಿತಗೊಳಿಸುವ ಹಕ್ಕು ಆಸ್ಪತ್ರೆಗಿದೆಯೇ, ಎಷ್ಟು ಗಂಟೆಗಳಿಗೆ ಖಾತರಿಯಿದೆ, ಯಾವ ವಾರ್ಡುಗಳಿಗೆ ಫ್ಲೋಟ್ ಮಾಡಬಹುದು (ಬದಲಿಯಾಗಿ ಕಳುಹಿಸಬಹುದು), ಮೊದಲೇ ಕೇಳಿಕೊಂಡ ರಜೆಗಳು ಬರವಣಿಗೆಯಲ್ಲಿವೆಯೇ ಎಂಬುದನ್ನು ಸಹಿಗೆ ಮೊದಲೇ ಖಚಿತಪಡಿಸಿಕೊಳ್ಳಬೇಕು. ನನ್ನದೊಂದು ಒಪ್ಪಂದವನ್ನು ಒಂದು ಆಸ್ಪತ್ರೆಯವರು ಅವಧಿಯ ನಡುವೆಯೇ ರದ್ದು ಮಾಡಿದ್ದರು. ಬಾಡಿಗೆಯ ಕರಾರು ಮಾತ್ರ ಉಳಿದುಕೊಂಡಿತ್ತು. ಆ ಬಳಿಕ ನಾನು ತಿಂಗಳ ಲೆಕ್ಕದಲ್ಲಿ ಸಿಗುವ, ಸಜ್ಜುಗೊಳಿಸಿದ ಕೋಣೆಗಳನ್ನಷ್ಟೇ ಹುಡುಕುತ್ತೇನೆ. ಕೋವಿಡ್ ಕಾಲದ ದರಗಳನ್ನು ಇಂದಿಗೆ ಹೋಲಿಸಬೇಡಿರಿ, ಅವು ಇಳಿದು ಬಹಳ ಕಾಲವಾಯಿತು. ಎರಡು ಒಪ್ಪಂದಗಳ ನಡುವಿನ ಬಿಡುವಿನಲ್ಲಿ ಏಜೆನ್ಸಿಯ ಆರೋಗ್ಯ ವಿಮೆ ನಿಂತುಹೋಗುವುದುಂಟು. ತಮ್ಮ ಪತಿಯ ಕಚೇರಿಯ ವಿಮೆಯಲ್ಲಿ ಸೇರಿಕೊಳ್ಳಲು ಸಾಧ್ಯವಾದರೆ ಅದೇ ಲೇಸು. ಆದರೆ ಅದೇ ಬಿಡುವಿನಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ, ಒಂದೂವರೆ ತಿಂಗಳು ಊರಿಗೆ ಹೋಗಿ ತಂದೆ-ತಾಯಿಯೊಡನೆ ಇದ್ದು ಬರಬಹುದು. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ಹಿಂದಿನ ಐದು ವರ್ಷಗಳ ವಿಳಾಸ ಮತ್ತು ಉದ್ಯೋಗಗಳ ಪಟ್ಟಿ ಕೇಳುತ್ತಾರೆ, ಆದ್ದರಿಂದ ಮೊದಲ ದಿನದಿಂದಲೇ ಅವನ್ನು ಬರೆದಿಟ್ಟುಕೊಳ್ಳಿರಿ.

ಮಗುವಿನ ಪ್ರಶ್ನೆಗೆ ಉತ್ತರ ತಮ್ಮ ಮನೆಯಲ್ಲಿ ಇನ್ನಾರಿದ್ದಾರೆ ಎಂಬುದನ್ನು ಅವಲಂಬಿಸಿದೆ. ಪ್ರತಿ 13 ವಾರಕ್ಕೆ ಶಾಲೆ ಬದಲಿಸುವುದನ್ನು ನಾನು ಯಾರಿಗೂ ಹೇಳಲಾರೆ. ಪತಿಯೋ ಅತ್ತೆಯೋ ಮನೆಯಲ್ಲಿದ್ದು ನೋಡಿಕೊಳ್ಳುವಂತಿದ್ದರೆ, ಮೊದಲ ಒಪ್ಪಂದವನ್ನು ಟೆಕ್ಸಾಸ್‌ನೊಳಗೇ, ಕಾರಿನಲ್ಲಿ ನಾಲ್ಕೈದು ಗಂಟೆಯ ದೂರದ ಊರಿನಲ್ಲಿ ಹಿಡಿಯಿರಿ. ಮೂರು ಶಿಫ್ಟ್‌ಗಳನ್ನು ಒಂದರ ಹಿಂದೊಂದು ಹಾಕಿಕೊಡುವಂತೆ ಒಪ್ಪಂದದಲ್ಲೇ ಬರೆಯಿಸಿಕೊಂಡರೆ ವಾರದಲ್ಲಿ ಮೂರು ದಿನವಾದರೂ ಮನೆಯಲ್ಲಿರಬಹುದು. ಅದು ನಡೆಯುತ್ತಿರುವಾಗಲೇ ಕ್ಯಾಲಿಫೋರ್ನಿಯಾದ ಲೈಸೆನ್ಸಿಗೂ ಅರ್ಜಿ ಹಾಕಿಡಿ.