ತಡವಾಗಿ ಬಣ್ಣ ಬಿಟ್ಟ ಮೊದಲ ಹನಿ

ಚಿತ್ರದುರ್ಗದ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬರ ಪತ್ರದ ಸಾರಾಂಶ ಇದು. ವಿಜ್ಞಾನ ವಿಭಾಗಕ್ಕೆ ಸೇರಿದ್ದು ಮನೆಯವರ ಒತ್ತಾಯಕ್ಕೆ. ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಹೋಗುತ್ತಿದ್ದುದು ಪ್ರಾಯೋಗಿಕ ಪರೀಕ್ಷೆಯ 30 ಅಂಕಗಳ ಆಸೆಗೆ. ಈಚೆಗೆ ಆಕ್ಸಾಲಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬಿಡುವ ಟೈಟ್ರೇಷನ್ (ಒಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಇನ್ನೊಂದರ ಪ್ರಮಾಣ ಅಳೆಯುವ ಪ್ರಯೋಗ) ಮಾಡುವಾಗ ಮೊದಲ ಹನಿಯ ಗುಲಾಬಿ ಬಣ್ಣ ಹೋಗಲು ಬಹಳ ಹೊತ್ತು ಹಿಡಿಯಿತು, ಆಮೇಲಿನ ಹನಿಗಳು ಬಿದ್ದ ಕ್ಷಣವೇ ಬಣ್ಣ ಕಳೆದುಕೊಂಡವು. ಅದನ್ನೇ ನೋಡುತ್ತ, ಗಂಟೆ ಹೊಡೆದದ್ದೂ ತಿಳಿಯದೆ ನಿಂತುಬಿಟ್ಟರಂತೆ. ಗೆಳತಿಯರು ‘ಬಣ್ಣಕ್ಕೆ ಮರುಳಾದೆ’ ಎಂದು ನಕ್ಕರು. ಮನೆಯಲ್ಲಿ ‘ಇದೆಲ್ಲ ನೀಟ್‌ಗೆ ಬರುತ್ತದೆಯೇ’ ಎಂದು ಕೇಳಿದರು. ಇಂಥ ಖುಷಿಗೆ ಬೆಲೆ ಕೊಡಬೇಕೇ, ಬಿಟ್ಟು ಮುಂದೆ ಹೋಗಬೇಕೇ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಗೆಳತಿಯರ ಮಾತಿನಿಂದಲೇ ಆರಂಭಿಸುತ್ತೇನೆ. ಬಣ್ಣಕ್ಕೆ ಮರುಳಾಗುವುದು ತಪ್ಪೇನೂ ಅಲ್ಲ, ಆದರೆ ಬರೀ ಬಣ್ಣವೇ ಬೇಕಿದ್ದರೆ ಹನಿ ಬಿಡುವ ಗಾಜಿನ ನಳಿಕೆಯಾದ ಬ್ಯೂರೆಟ್ಟಿನಲ್ಲಿ ತುಂಬಿ ನಿಂತ ಕಡುನೇರಳೆ ನಿಮಗೆ ಸಾಕಾಗುತ್ತಿತ್ತು. ನಿಮ್ಮನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಲೆಕ್ಕಕ್ಕೆ ಸಿಗದ ಒಂದು ನಡವಳಿಕೆ. ಬರ್ನರ್‌ನಿಂದ ಕೆಳಗಿಳಿಸಿದ ಫ್ಲಾಸ್ಕ್ ಕ್ಷಣಕ್ಷಣಕ್ಕೂ ಆರುತ್ತಿರುತ್ತದೆ, ಆದ್ದರಿಂದ ಕ್ರಿಯೆ ನಿಧಾನವಾಗಬೇಕು. ಒಳಗಿನ ಆಕ್ಸಾಲಿಕ್ ಆಮ್ಲವೂ ಹನಿಹನಿಗೆ ಖರ್ಚಾಗುತ್ತಿರುತ್ತದೆ, ಆ ಕಾರಣಕ್ಕೂ ನಿಧಾನವಾಗಬೇಕು. ಆದರೆ ನಿಮ್ಮ ಕಣ್ಣೆದುರಿಗೆ ನಡೆದದ್ದು ಇದಕ್ಕೆ ಪೂರ್ತಿ ತದ್ವಿರುದ್ಧ. ಪಠ್ಯಪುಸ್ತಕ ಕಲಿಸಿದ ಎರಡು ಕಾರಣಗಳನ್ನೂ ಮೀರಿ ಕ್ರಿಯೆ ಚುರುಕಾಗುತ್ತಿದೆ ಎಂದರೆ ಮೂರನೆಯದೊಂದು ಅಲ್ಲಿ ಕೆಲಸ ಮಾಡುತ್ತಿದೆ.

ಆ ಮೂರನೆಯದು ಮ್ಯಾಂಗನೀಸ್. ಪರ್ಮಾಂಗನೇಟಿನಲ್ಲಿ ಮ್ಯಾಂಗನೀಸಿನ ಉತ್ಕರ್ಷಣ ಸಂಖ್ಯೆ, ಅಂದರೆ ಪರಮಾಣು ಎಷ್ಟು ಎಲೆಕ್ಟ್ರಾನ್ ಬಿಟ್ಟುಕೊಟ್ಟಿದೆ ಎಂಬ ಲೆಕ್ಕ, +7. ಕ್ರಿಯೆ ಮುಗಿದಾಗ ಅದು +2ಕ್ಕೆ ಇಳಿದಿರುತ್ತದೆ, ಮತ್ತು ಆ ಸ್ಥಿತಿಯಲ್ಲಿ ಅದಕ್ಕೆ ಕಣ್ಣಿಗೆ ಕಾಣುವಷ್ಟು ಬಣ್ಣವಿರುವುದಿಲ್ಲ. ಮೊದಲ ಹನಿ ಬೀಳುವಾಗ ಫ್ಲಾಸ್ಕಿನಲ್ಲಿ ಈ +2ರ ರೂಪ ಇಲ್ಲವೇ ಇಲ್ಲವೆನ್ನಬಹುದು, ಹಾಗಾಗಿ ಕ್ರಿಯೆ ತೆವಳುತ್ತದೆ. ಒಂದಿಷ್ಟು ಹುಟ್ಟಿದ ಮೇಲೆ ಅದು ಹೊಸದಾಗಿ ಬೀಳುವ ಪರ್ಮಾಂಗನೇಟಿನೊಡನೆ ವರ್ತಿಸಿ ನಡುವಿನ ಸ್ಥಿತಿಯ, ಅಂದರೆ +3ರ, ಮ್ಯಾಂಗನೀಸನ್ನು ಕೊಡುತ್ತದೆ. ಅದು ಆಕ್ಸಾಲಿಕ್ ಆಮ್ಲದ ಆಕ್ಸಲೇಟನ್ನು ಬೇಗ ಒಡೆದು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ, ಮಾಡಿ ತಾನು ಮತ್ತೆ +2ಕ್ಕೆ ಮರಳುತ್ತದೆ. ಕ್ರಿಯೆಯಿಂದ ಹುಟ್ಟಿದ್ದೇ ಕ್ರಿಯೆಗೆ ವೇಗವರ್ಧಕವಾಗುವ ಈ ಬಗೆಯನ್ನು ಸ್ವಯಂ ವೇಗವರ್ಧನೆ ಎನ್ನುತ್ತಾರೆ. ಮನೆಯಲ್ಲಿ ಹೆಪ್ಪು ಹಾಕಿದ ಹಾಲು ಮೊದಮೊದಲು ಕದಲದೆ ಇದ್ದು ಆಮೇಲೆ ಬೇಗನೆ ಮೊಸರಾಗುವುದನ್ನು ನೆನೆದರೆ ಇದರ ಅಂದಾಜು ಸಿಗುತ್ತದೆ, ಅಲ್ಲಿ ಹೆಚ್ಚುವುದು ಜೀವಾಣುಗಳೆಂಬ ವ್ಯತ್ಯಾಸವಿದ್ದರೂ.

ನಿಮಗೆ ಕಂಡದ್ದು ಕ್ಷುಲ್ಲಕವೇ ಎಂಬುದಕ್ಕೆ ಇತಿಹಾಸವೇ ಉತ್ತರ ಕೊಡುತ್ತದೆ. ಪರ್ಮಾಂಗನೇಟನ್ನು ಟೈಟ್ರೇಷನ್ನಿಗೆ ಮೊದಲು ಬಳಸಿದವರು ಫ್ರಾನ್ಸಿನ ಮಾರ್ಗರಿಟ್, 1846ರಲ್ಲಿ, ಕಬ್ಬಿಣದ ಅಂಶವನ್ನು ಅಳೆಯಲು. ಅದಾಗಿ ಇಪ್ಪತ್ತು ವರ್ಷಕ್ಕೆ, 1866ರಲ್ಲಿ, ಆಕ್ಸ್‌ಫರ್ಡಿನ ರಸಾಯನಶಾಸ್ತ್ರಜ್ಞ ಹಾರ್ಕೋರ್ಟ್ ಮತ್ತು ಗಣಿತಜ್ಞ ಎಸ್ಸನ್ ಸೇರಿ ರಾಸಾಯನಿಕ ಕ್ರಿಯೆಯ ವೇಗ ಯಾವ ನಿಯಮಕ್ಕೆ ಒಳಪಟ್ಟಿದೆ ಎಂಬ ಪ್ರಬಂಧವನ್ನು ಪ್ರಕಟಿಸಿದರು. ಅದಕ್ಕೆ ಅವರು ಆರಿಸಿಕೊಂಡದ್ದು ಪರ್ಮಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲವನ್ನೇ. ಕ್ರಿಯೆಗಳ ವೇಗವನ್ನು ಕುರಿತ ರಾಸಾಯನಿಕ ಚಲನವಿಜ್ಞಾನದ ಅಧ್ಯಾಯದಲ್ಲಿ ನೀವು ಬಾಯಿಪಾಠ ಮಾಡುವ ಸಮೀಕರಣಗಳ ಬುಡದಲ್ಲಿ ನಿಮ್ಮದೇ ಫ್ಲಾಸ್ಕ್ ಇದೆ.

ದೂರದ ಹೆಸರುಗಳೇ ಬೇಕೆಂದಿಲ್ಲ. ನಿಮ್ಮ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆ ಸೀಮೆಯ ನೆಲದಲ್ಲಿ ಕಬ್ಬಿಣದ ಅದಿರಿನ ಜೊತೆ ಮ್ಯಾಂಗನೀಸ್ ಅದಿರೂ ಇದೆ. ಪರ್ಮಾಂಗನೇಟ್ ತಯಾರಾಗುವುದು ಅಂಥ ಅದಿರಿನಿಂದಲೇ. ಎರೆಹೊಲದಲ್ಲಿ ಹಿಂಗಾರಿಯ ಕಡಲೆ ಗಿಡವನ್ನು ಬೆಳಗಿನ ಹೊತ್ತು ಮುಟ್ಟಿ ಬೆರಳು ನೆಕ್ಕಿದರೆ ತಿಳಿಯುವ ಹುಳಿಯಲ್ಲಿ ಮ್ಯಾಲಿಕ್ ಆಮ್ಲದೊಡನೆ ಆಕ್ಸಾಲಿಕ್ ಆಮ್ಲವೂ ಸೇರಿದೆ.

ಮನೆಯವರ ಪ್ರಶ್ನೆಗೆ ನೇರ ಉತ್ತರವಿದೆ: ಬರುತ್ತದೆ. 2024ರ ಪರಿಷ್ಕೃತ ನೀಟ್ ಪಠ್ಯಕ್ರಮದ ಪ್ರಾಯೋಗಿಕ ರಸಾಯನಶಾಸ್ತ್ರದ ಘಟಕದಲ್ಲಿ ಆಕ್ಸಾಲಿಕ್ ಆಮ್ಲ–ಪರ್ಮಾಂಗನೇಟ್ ಟೈಟ್ರೇಷನ್ನಿನ ಹೆಸರೇ ಇದೆ. ಈ ಮಾತು ಮನೆಯಲ್ಲಿ ಶಾಂತಿ ನೆಲೆಸಲು ಉಪಯೋಗವಾಗಲಿ. ಅದಕ್ಕಿಂತ ಹೆಚ್ಚಿನ ತೂಕವನ್ನು ನಾನು ಅದಕ್ಕೆ ಕೊಡುವುದಿಲ್ಲ. ಹಾಗೆಯೇ, ಒಂದು ಮಧ್ಯಾಹ್ನದ ಖುಷಿಯನ್ನು ಹಿಡಿದು ‘ಸಂಶೋಧಕಿಯಾಗುತ್ತೇನೆ’ ಎಂದು ಈಗಲೇ ತೀರ್ಮಾನಿಸುವ ಅಗತ್ಯವೂ ಇಲ್ಲ.

ನನಗೆ ಆತಂಕವಿರುವುದು ನಿಮ್ಮ ರೆಕಾರ್ಡ್ ಪುಸ್ತಕದ ಬಗ್ಗೆ. ನಮ್ಮ ಬಹುಪಾಲು ಕಾಲೇಜುಗಳಲ್ಲಿ ಮೂರು ರೀಡಿಂಗ್‌ಗಳೂ ಒಂದೇ ಬರುವಂತೆ ಪಕ್ಕದವರದನ್ನು ನೋಡಿ ತುಂಬುವುದು, ಹಿಂದಿನ ವರ್ಷದವರ ಪುಸ್ತಕದಿಂದ ‘ವೀಕ್ಷಣೆ’ಯನ್ನು ಇಳಿಸಿಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಹೀಗೆ ತುಂಬಿದ ಪುಟದಲ್ಲಿ ತಡವಾಗಿ ಬಣ್ಣ ಬಿಟ್ಟ ಮೊದಲ ಹನಿಗೆ ಜಾಗವೇ ಇರುವುದಿಲ್ಲ, ಏಕೆಂದರೆ ಅದನ್ನು ಬರೆಯಲು ಕೋಷ್ಟಕದಲ್ಲಿ ಅಂಕಣವಿಲ್ಲ. ಅಂಕಣವಿಲ್ಲದಿದ್ದರೆ ಎಡಬದಿಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಆಮ್ಲ ಕಡಿಮೆಯಾಗಿ ದ್ರಾವಣ ಕಂದುಬಣ್ಣಕ್ಕೆ ತಿರುಗಿದರೆ ಅದನ್ನೂ ಚೆಲ್ಲುವ ಮುನ್ನ ಬರೆಯಿರಿ. ಅದು ಮ್ಯಾಂಗನೀಸ್ ಡೈಆಕ್ಸೈಡ್, ಅದಕ್ಕೂ ಹೇಳಲು ಕಥೆಯಿದೆ.

ಈಗ ನೀವು ಮಾಡಬಹುದಾದ ಕೆಲಸ. ಉಪನ್ಯಾಸಕರ ಅನುಮತಿ ಪಡೆದು, ಅವರ ಎದುರಿನಲ್ಲೇ, ಎರಡು ಫ್ಲಾಸ್ಕುಗಳಲ್ಲಿ ಹತ್ತು ಹತ್ತು ಮಿಲಿಲೀಟರ್ ಆಕ್ಸಾಲಿಕ್ ಆಮ್ಲವನ್ನೂ ಎಂದಿನಷ್ಟೇ ಸಾರರಿಕ್ತ ಗಂಧಕಾಮ್ಲವನ್ನೂ ತೆಗೆದುಕೊಂಡು ಎರಡನ್ನೂ ಒಂದೇ ಬಿಸಿಗೆ, 60ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ, ತನ್ನಿ. ಒಂದಕ್ಕೆ ಮಾತ್ರ ಚಿಟಿಕೆ ಮ್ಯಾಂಗನೀಸ್ ಸಲ್ಫೇಟ್ ಬೆರೆಸಿ, ಆಮೇಲೆ ಎರಡಕ್ಕೂ ಒಂದೊಂದು ಹನಿ ಪರ್ಮಾಂಗನೇಟ್ ಬಿಟ್ಟು ಕೈಗಡಿಯಾರ ನೋಡಿ. ಸಲ್ಫೇಟ್ ಬೆರೆಸಿದ ಫ್ಲಾಸ್ಕಿನಲ್ಲಿ ಮೊದಲ ಹನಿಯೂ ಕಾಯಿಸುವುದಿಲ್ಲ. ಬಿಸಿ ಮಾಡದೆ ಇದನ್ನೇ ಮತ್ತೊಮ್ಮೆ ಮಾಡಿದರೆ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಎರಡೂ ಸಲದ ಸೆಕೆಂಡುಗಳನ್ನು, ಒಂದಕ್ಕೊಂದು ಹೊಂದದ ಅಂಕಿಗಳಿದ್ದರೆ ಅವನ್ನೂ ತಿದ್ದದೆ, ನಮಗೆ ಬರೆದು ಕಳಿಸಿ, ಪ್ರಕಟಿಸುತ್ತೇವೆ.